ವಿಶಾಖಪಟ್ಟಣ–ಅಂಡಮಾನ್ ಹಡಗು ಸಂಚಾರ

ಆಂಧ್ರಪ್ರದೇಶದ ವಿಶಾಖಪಟ್ಟಣ ಬಂದರಿನಿಂದ ಹೊರಟು ಬಂಗಾಳ ಕೊಲ್ಲಿಯನ್ನು ದಾಟಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ರಾಜಧಾನಿ ಪೋರ್ಟ್ ಬ್ಲೇರ್ ಸೇರುವ ಪ್ರಯಾಣಿಕರ ಹಡಗು ಸೇವೆ ಮತ್ತು ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಸಾಗುವ ಫೆರಿಗಳ ಜಾಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದು ಹೊಸ ಹೆಸರಿಟ್ಟಿತು. ಹಳೆಯ ಹೆಸರು ಜನರ ಬಾಯಲ್ಲಿ ಇನ್ನೂ ಉಳಿದಿರುವುದರಿಂದ ಈ ಲೇಖನದಲ್ಲಿ ಅದನ್ನೇ ಬಳಸಲಾಗಿದೆ. ಭಾರತದ ಮುಖ್ಯ ಭೂಭಾಗದಿಂದ ಅಂಡಮಾನಿಗೆ ಪ್ರಯಾಣಿಕರ ಹಡಗು ಹೊರಡುವ ಬಂದರುಗಳು ಮೂರು: ಕೋಲ್ಕತ್ತ, ಚೆನ್ನೈ ಮತ್ತು ವಿಶಾಖಪಟ್ಟಣ. ಮೊದಲ ಎರಡರಿಂದ ತಿಂಗಳಿಗೆ ಹಲವು ಹಡಗುಗಳಿದ್ದರೆ ವಿಶಾಖಪಟ್ಟಣದಿಂದ ಸಾಮಾನ್ಯವಾಗಿ ತಿಂಗಳಿಗೊಂದು. ಸಮುದ್ರದಲ್ಲಿ ಚದುರಿರುವ ದ್ವೀಪಗಳನ್ನು ಸರ್ಕಾರಿ ಹಡಗುಗಳಿಂದ ಒಂದು ನಾಡಾಗಿ ಹಿಡಿದಿಟ್ಟಿರುವ ವ್ಯವಸ್ಥೆಗಳಲ್ಲಿ ಇದು ಭಾರತದ ಅತಿ ದೊಡ್ಡ ಉದಾಹರಣೆ. ಪ್ರವಾಸಿಗೆ ಇದು ವಿಹಾರ. ದ್ವೀಪದವರಿಗೆ ಆಸ್ಪತ್ರೆ, ಕಾಲೇಜು, ಕಚೇರಿ ಮತ್ತು ಪೇಟೆಗೆ ಹೋಗುವ ರಸ್ತೆ. ಈ ಸೇವೆಯ ಬೆಲೆಯನ್ನು ಆ ಎರಡನೆಯ ಉಪಯೋಗದಿಂದಲೇ ಅಳೆಯಬೇಕು.

ದ್ವೀಪಗಳು ಮತ್ತು ದೂರಗಳು

ದೊಡ್ಡ ದ್ವೀಪ, ಸಣ್ಣ ನಡುಗಡ್ಡೆ, ಬಂಡೆಗಳೆಲ್ಲ ಸೇರಿ ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ 836 ಭೂಭಾಗಗಳಿವೆ. ಜನವಸತಿ ಇರುವುದು 31ರಲ್ಲಿ ಮಾತ್ರ. ಉತ್ತರದ ತುದಿಯಿಂದ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್‌ವರೆಗೆ ಈ ಸಾಲು 700 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡಿದೆ. ಅಂಡಮಾನ್ ಗುಂಪನ್ನೂ ನಿಕೋಬಾರ್ ಗುಂಪನ್ನೂ ಬೇರ್ಪಡಿಸುವುದು ಸುಮಾರು 150 ಕಿ.ಮೀ. ಅಗಲದ ಹತ್ತು ಡಿಗ್ರಿ ಕಡಲ್ಗಾಲುವೆ. 2011ರ ಜನಗಣತಿಯ ಪ್ರಕಾರ ಇಲ್ಲಿಯ ಜನಸಂಖ್ಯೆ 3,80,581. ಇವರಲ್ಲಿ ಶೇ. 13ರಷ್ಟು ಮಂದಿಯ ಮಾತೃಭಾಷೆ ತೆಲುಗು. ಶ್ರೀಕಾಕುಳಂ ಮತ್ತು ವಿಶಾಖಪಟ್ಟಣ ಕರಾವಳಿಯಿಂದ ಹೋದ ಮೀನುಗಾರ ಕುಟುಂಬಗಳು ಪೋರ್ಟ್ ಬ್ಲೇರ್‌ನಲ್ಲಿ ನೆಲೆನಿಂತಿವೆ. ತಿಂಗಳಿಗೊಂದೇ ಆದರೂ ವಿಶಾಖಪಟ್ಟಣದ ಹಡಗಿಗಾಗಿ ಜನ ಕಾಯುವುದು ಈ ನಂಟಿನಿಂದ.

ಮುಖ್ಯ ಭೂಭಾಗದ ಮೂರು ಬಂದರುಗಳಿಂದಲೂ ಪೋರ್ಟ್ ಬ್ಲೇರ್ ಹೆಚ್ಚುಕಡಿಮೆ ಒಂದೇ ದೂರದಲ್ಲಿದೆ: ಚೆನ್ನೈಯಿಂದ 1,190, ವಿಶಾಖಪಟ್ಟಣದಿಂದ 1,200, ಕೋಲ್ಕತ್ತದಿಂದ 1,255 ಕಿ.ಮೀ. ವಿಶಾಖಪಟ್ಟಣದಿಂದ ಸುಮಾರು 56 ಗಂಟೆಗಳ ಪಯಣ. ಉಳಿದ ಎರಡು ಬಂದರುಗಳಿಂದ ಇನ್ನೂ ಕೆಲವು ಗಂಟೆ ಹೆಚ್ಚು. ಹಡಗು ಸುಮಾರು ಒಂಬತ್ತೂವರೆ ರೇಖಾಂಶಗಳಷ್ಟು ಪೂರ್ವಕ್ಕೆ ಹೋಗುವುದರಿಂದ ಅಲ್ಲಿ ಬೆಳಗೂ ಕತ್ತಲೂ ಬೇಗ ಆಗುತ್ತವೆ. ಗಡಿಯಾರ ಮಾತ್ರ ಬದಲಾಗುವುದಿಲ್ಲ.

ಚರಿತ್ರೆ

ಅಂಡಮಾನಿನಲ್ಲಿ ಬ್ರಿಟಿಷರು ಮೊದಲ ನೆಲೆ ಹೂಡಿದ್ದು 1789ರಲ್ಲಿ, ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿಯ ಮುಂದಾಳತ್ವದಲ್ಲಿ. ರೋಗರುಜಿನಗಳ ಕಾಟದಿಂದ 1796ರಲ್ಲಿ ಆ ನೆಲೆಯನ್ನು ಬಿಟ್ಟುಕೊಡಬೇಕಾಯಿತು. 1857ರ ಬಂಡಾಯದ ಬಳಿಕ ಮತ್ತೆ ಹಡಗುಗಳು ಬಂದವು. 1858ರ ಮಾರ್ಚ್ 10ರಂದು ‘ಸೆಮಿರಾಮಿಸ್’ ಎಂಬ ಹಡಗು 200 ಕೈದಿಗಳನ್ನು ಇಲ್ಲಿಗೆ ತಂದಿಳಿಸಿತು. ಅಲ್ಲಿಂದ ಮುಂದೆ ಹಲವು ದಶಕ ಈ ದಾರಿ ಗಡೀಪಾರಿನ ದಾರಿಯಾಗಿತ್ತು. ‘ಕಾಲಾಪಾನಿ’ ಎಂಬ ಹೆಸರು ಮನೆಮನೆಯಲ್ಲೂ ಭಯ ಹುಟ್ಟಿಸಿತ್ತು. ಸೆಲ್ಯುಲರ್ ಜೈಲನ್ನು 1896ರಿಂದ 1906ರ ನಡುವೆ ಕಟ್ಟಲಾಯಿತು. ‘ಮಹಾರಾಜ’ ಎಂಬ ಉಗಿಹಡಗು ರಾಜಕೀಯ ಕೈದಿಗಳನ್ನು ಹೊತ್ತೊಯ್ದು ಕುಖ್ಯಾತವಾಯಿತು. 1942ರ ಮಾರ್ಚ್‌ನಲ್ಲಿ ಜಪಾನೀಯರು ದ್ವೀಪಗಳನ್ನು ವಶಪಡಿಸಿಕೊಂಡಾಗ ಭಾರತದೊಂದಿಗಿನ ಹಡಗು ಸಂಪರ್ಕ ಕಡಿದುಹೋಯಿತು. ಅದು ಮರಳಿದ್ದು 1945ರಲ್ಲಿ ಯುದ್ಧ ಮುಗಿದ ಮೇಲೆ. 1949ರಿಂದ ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳು ಇದೇ ಕಡಲನ್ನು ದಾಟಿ ಬಂದು ಕಾಡು ಕಡಿದು ಹೊಲ ಮಾಡಿದವು. ಒಂದು ಕಾಲಕ್ಕೆ ಶಿಕ್ಷೆಯ ದಾರಿಯಾಗಿದ್ದುದು ಒಂದೇ ತಲೆಮಾರಿನಲ್ಲಿ ಹೊಸ ಬಾಳಿನ ದಾರಿಯಾಯಿತು.

ವಿಶಾಖಪಟ್ಟಣದ ಕಡಲಯಾನದ ಚರಿತ್ರೆ ಬೇರೆ ರೀತಿಯದು. ಇಂದಿನ ಬಂದರು ಕಟ್ಟುವುದಕ್ಕೂ ಮೊದಲು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಉಗಿಹಡಗುಗಳು ಭೀಮುನಿಪಟ್ಟಣ, ವಿಶಾಖಪಟ್ಟಣ, ಕಾಕಿನಾಡಗಳಿಂದ ತೆಲುಗು ಕೂಲಿಕಾರರನ್ನು ರಂಗೂನಿಗೆ ಒಯ್ಯುತ್ತಿದ್ದವು. ಅಕ್ಕಿ ಗಿರಣಿಗಳಲ್ಲೂ ಬಂದರಿನ ಹಮಾಲಿಯಲ್ಲೂ ದುಡಿದು ಅವರು ಊರಿಗೆ ಹಣ ಕಳಿಸುತ್ತಿದ್ದರು. ಬರ್ಮಾ ಜಪಾನೀಯರ ಕೈಗೆ ಬಿದ್ದಾಗ ಆ ಸಂಚಾರ ನಿಂತಿತು. ಇಂದು ಈ ಕರಾವಳಿಯಿಂದ ಕೊಲ್ಲಿಯನ್ನು ದಾಟುವ ನಿಯತ ಪ್ರಯಾಣಿಕರ ಹಡಗು ಅಂಡಮಾನಿನದೊಂದೇ.

ವಿಶಾಖಪಟ್ಟಣ ಬಂದರು

ಮೇಘಾದ್ರಿಗೆಡ್ಡ ಹೊಳೆಯ ಅಳಿವೆಯಲ್ಲಿ, ಡಾಲ್ಫಿನ್ಸ್ ನೋಸ್ ಗುಡ್ಡದ ಮರೆಯಲ್ಲಿ ಈ ಬಂದರನ್ನು ಕಟ್ಟಲಾಗಿದೆ. ಅಳಿವೆಯ ಬಾಯಿಗೆ ಮರಳು ಬಂದು ಕೂರದಂತೆ ಎರಡು ಹಳೆಯ ಹಡಗುಗಳನ್ನು ಮುಳುಗಿಸಿ ಅಲೆತಡೆ ನಿರ್ಮಿಸಿದ್ದು ಆ ಕಾಲದ ಎಂಜಿನಿಯರುಗಳ ಜಾಣ್ಮೆ. 1933ರ ಅಕ್ಟೋಬರ್ 7ರಂದು ಇಲ್ಲಿಗೆ ಬಂದ ಮೊದಲ ಹಡಗು ಸಿಂಧಿಯಾ ಕಂಪನಿಯ ಪ್ರಯಾಣಿಕರ ನೌಕೆ ‘ಜಲದುರ್ಗ’. ಅದೇ ಡಿಸೆಂಬರ್ 19ರಂದು ವೈಸರಾಯ್ ವಿಲ್ಲಿಂಗ್ಡನ್ ಬಂದರನ್ನು ವಿಧಿವತ್ತಾಗಿ ಉದ್ಘಾಟಿಸಿದ. ದೊಡ್ಡ ಅದಿರು ಹಡಗುಗಳಿಗಾಗಿ ಹೊರ ಬಂದರು 1976ರಲ್ಲಿ ಸಿದ್ಧವಾಯಿತು.

ಬಂದರಿನ ಪಕ್ಕದಲ್ಲೇ ಹಡಗುಕಟ್ಟೆಯೂ ಬೆಳೆಯಿತು. ವಾಲ್‌ಚಂದ್ ಹೀರಾಚಂದ್ ಅವರ ಸಿಂಧಿಯಾ ಕಂಪನಿ 1941ರಲ್ಲಿ ಅದನ್ನು ಆರಂಭಿಸಿತು. ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. 1948ರ ಮಾರ್ಚ್ 14ರಂದು ಜವಾಹರಲಾಲ್ ನೆಹರು ‘ಜಲ ಉಷಾ’ ಹಡಗನ್ನು ನೀರಿಗಿಳಿಸಿದರು. ಮುಂದೆ ಇದು ಕೇಂದ್ರ ಸರ್ಕಾರದ ಹಿಂದೂಸ್ತಾನ್ ಶಿಪ್‌ಯಾರ್ಡ್ ಆಯಿತು. ಅಂಡಮಾನ್ ದಾರಿಯಲ್ಲಿ ದುಡಿದ ‘ಎಂ.ವಿ. ಸ್ವರಾಜ್ ದ್ವೀಪ್’ 1,200 ಪ್ರಯಾಣಿಕರಿಗಾಗಿ ಇಲ್ಲಿಯೇ ತಯಾರಾಗಿ 1999ರಲ್ಲಿ ಸೇವೆಗೆ ಬಂತು. ತಾನು ಕಟ್ಟಿದ ಹಡಗನ್ನೇ ತನ್ನ ದಕ್ಕೆಯಿಂದ ದ್ವೀಪಗಳಿಗೆ ಕಳಿಸಿದ ಹೆಮ್ಮೆ ಈ ಊರಿಗಿದೆ.

ನೆರೆಯ ಅನಕಾಪಲ್ಲಿಗೂ ಇದೇ ಬಂದರು. ಬೆಲ್ಲದ ದೊಡ್ಡ ಮಾರುಕಟ್ಟೆಗೆ ಹೆಸರಾದ ಈ ಊರು 2022ರ ಏಪ್ರಿಲ್ 4ರಂದು ವಿಶಾಖಪಟ್ಟಣದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲಾ ಕೇಂದ್ರವಾಯಿತು. ಪೂಡಿಮಡಕದಂಥ ದೊಡ್ಡ ಮೀನುಗಾರ ಹಳ್ಳಿಗಳು ಈ ಜಿಲ್ಲೆಯ ಕರಾವಳಿಯಲ್ಲಿವೆ. ಚೆನ್ನೈ–ಹೌರಾ ರೈಲು ಮಾರ್ಗವೂ 16ನೆಯ ರಾಷ್ಟ್ರೀಯ ಹೆದ್ದಾರಿಯೂ ಅನಕಾಪಲ್ಲಿಯನ್ನು ಹಾದುಹೋಗುತ್ತವೆ. ಕರ್ನಾಟಕದಿಂದ ಹೋಗುವವರು ರೈಲಿನಲ್ಲಿ ವಿಜಯವಾಡ ದಾಟಿ, ಅನಕಾಪಲ್ಲಿಯ ಮೂಲಕ ವಿಶಾಖಪಟ್ಟಣ ಸೇರುವುದು ವಾಡಿಕೆ. ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಇದೇ ದಾರಿಯ ರೈಲು.

2023ರ ಸೆಪ್ಟೆಂಬರ್‌ನಲ್ಲಿ ಬಂದರಿನಲ್ಲಿ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಕ್ರೂಸ್ ಹಡಗು ಮತ್ತು ಅಂಡಮಾನ್ ಹಡಗುಗಳ ಉದ್ದೇಶವೇ ಬೇರೆ. ಕ್ರೂಸಿನಲ್ಲಿ ಹಡಗೇ ತಂಗುದಾಣ, ಹಡಗೇ ಮನರಂಜನೆ. ಅಂಡಮಾನ್ ಹಡಗು ಜನ ಮತ್ತು ಸರಕು ಎರಡನ್ನೂ ಸಾಗಿಸುವ ಸಾರ್ವಜನಿಕ ವಾಹನ.

ಕೊಲ್ಲಿ ದಾಟುವ ಹಡಗು

ಈ ಹಡಗುಗಳು ಅಂಡಮಾನ್ ಮತ್ತು ನಿಕೋಬಾರ್ ಆಡಳಿತದ ಹಡಗು ಸೇವಾ ನಿರ್ದೇಶನಾಲಯದ ಅಧೀನದಲ್ಲಿವೆ. ಭಾರತೀಯ ಹಡಗು ನಿಗಮ ಇವುಗಳನ್ನು ನಡೆಸುವಲ್ಲಿ ದೀರ್ಘಕಾಲ ಪಾಲ್ಗೊಂಡಿದೆ. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ‘ಹರ್ಷವರ್ಧನ’, ಪೋಲೆಂಡಿನಲ್ಲಿ ಕಟ್ಟಿಸಿ ತಂದ ‘ನಿಕೋಬಾರ್’ ಮತ್ತು ‘ನಾನ್‌ಕೌರಿ’ ಹೆಸರಾಂತ ಹಡಗುಗಳು. ಇತ್ತೀಚಿನ ವರ್ಷಗಳಲ್ಲಿ ಕೊಚ್ಚಿಯ ಹಡಗುಕಟ್ಟೆಯೂ ದ್ವೀಪಾಡಳಿತಕ್ಕೆ ಹೊಸ ಹಡಗುಗಳನ್ನು ಕಟ್ಟಿಕೊಟ್ಟಿದೆ.

ಹಡಗಿನಲ್ಲಿ ದರ್ಜೆಗಳಿವೆ. ಡಿಲಕ್ಸ್ ಕ್ಯಾಬಿನ್‌ನಲ್ಲಿ ಇಬ್ಬರಿಗೆ ಮಲಗುವ ಜಾಗ. ಅದರ ಕೆಳಗಿನ ದರ್ಜೆಗಳ ಕ್ಯಾಬಿನ್‌ಗಳನ್ನು ನಾಲ್ಕಾರು ಮಂದಿ ಹಂಚಿಕೊಳ್ಳಬೇಕು. ಬಂಕ್ ದರ್ಜೆಯೆಂದರೆ ದೊಡ್ಡ ಹಜಾರದಲ್ಲಿ ಒಂದರ ಮೇಲೊಂದರಂತೆ ಸಾಲು ಮಂಚಗಳು. ಹೆಚ್ಚಿನ ದ್ವೀಪವಾಸಿಗಳು ಪ್ರಯಾಣಿಸುವುದು ಇದರಲ್ಲೇ. ಊಟ ತಿಂಡಿಗೆ ಕ್ಯಾಂಟೀನು, ತುರ್ತಿಗೆ ವೈದ್ಯರು ಹಡಗಿನಲ್ಲೇ ಇರುತ್ತಾರೆ. ಮೊದಲ ದಿನ ಹಲವರಿಗೆ ತಲೆಸುತ್ತು, ವಾಂತಿ. ಒಳಗೆ ಮಲಗಿರುವುದಕ್ಕಿಂತ ಮೇಲಿನ ಅಟ್ಟಕ್ಕೆ ಬಂದು ದಿಗಂತವನ್ನು ನೋಡುತ್ತಾ ಗಾಳಿಗೆ ಕೂರುವುದು ಅನುಭವಿಗಳು ಹೇಳುವ ಉಪಾಯ. ಎರಡನೆಯ ದಿನದ ಹೊತ್ತಿಗೆ ಮೈ ಹೊಂದಿಕೊಳ್ಳುತ್ತದೆ. ಮೂರನೆಯ ದಿನ ಹಡಗು ಪೋರ್ಟ್ ಬ್ಲೇರ್‌ನ ಹ್ಯಾಡೋ ದಕ್ಕೆಗೆ ಬಂದು ನಿಲ್ಲುತ್ತದೆ.

ದ್ವೀಪವಾಸಿ ಎಂದು ಗುರುತಿನ ಚೀಟಿ ಪಡೆದವರಿಗೆ ಟಿಕೆಟ್ ದರದಲ್ಲಿ ದೊಡ್ಡ ರಿಯಾಯಿತಿ ಇದೆ. ಇದನ್ನು ದಾನವೆಂದು ನೋಡುವುದು ತಪ್ಪು. ಒಳನಾಡಿನವನು ನಡೆಯುವ ರಸ್ತೆಯನ್ನು ಸರ್ಕಾರ ತೆರಿಗೆಯ ಹಣದಿಂದಲೇ ಕಟ್ಟುತ್ತದೆ. ದ್ವೀಪದವನಿಗೆ ಸಿಗುವ ರಿಯಾಯಿತಿ ಅದೇ ನ್ಯಾಯದ ಇನ್ನೊಂದು ರೂಪ.

ದ್ವೀಪದಿಂದ ದ್ವೀಪಕ್ಕೆ

ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ದಕ್ಕೆ ಒಳಸಂಚಾರದ ಕೇಂದ್ರ. ಇಲ್ಲಿಂದ ಸರ್ಕಾರಿ ಫೆರಿಗಳು ಹ್ಯಾವ್‌ಲಾಕ್, ನೀಲ್, ಲಾಂಗ್ ಐಲ್ಯಾಂಡ್, ರಂಗತ್, ಉತ್ತರದ ಡಿಗ್ಲಿಪುರ, ದಕ್ಷಿಣದ ಹಟ್ ಬೇ ಕಡೆಗೆ ಹೋಗುತ್ತವೆ. ‘ಭಾರತ್ ಸೀಮಾ’, ‘ಚೌರಾ’, ‘ಸೆಂಟಿನೆಲ್’, ‘ಸ್ಟ್ರೈಟ್ ಐಲ್ಯಾಂಡ್’, ‘ಕೋರಲ್ ಕ್ವೀನ್’, ‘ಕಾಲಿಘಾಟ್’ ದ್ವೀಪವಾಸಿಗಳಿಗೆ ಚಿರಪರಿಚಿತ ಹಡಗುಗಳು. ಹ್ಯಾವ್‌ಲಾಕ್ ಮತ್ತು ನೀಲ್ ಎರಡೂ ಪೋರ್ಟ್ ಬ್ಲೇರ್‌ನಿಂದ 40 ಕಿ.ಮೀ. ಆಸುಪಾಸಿನಲ್ಲಿವೆ. ಸರ್ಕಾರಿ ಫೆರಿಗೆ ಸುಮಾರು ಎರಡೂವರೆ ಗಂಟೆ; ‘ಮ್ಯಾಕ್ರುಜ್’, ‘ನಾಟಿಕಾ’ ಮೊದಲಾದ ಖಾಸಗಿ ಕಂಪನಿಗಳ ಕ್ಯಾಟಮರಾನ್‌ಗಳಿಗೆ ಒಂದೂವರೆ ಗಂಟೆ. ಕ್ಯಾಟಮರಾನ್‌ನಲ್ಲಿ ಹವಾನಿಯಂತ್ರಿತ ಕೊಠಡಿ, ಹೆಚ್ಚಿನ ದರ. ಸರ್ಕಾರಿ ಫೆರಿಯಲ್ಲಿ ಕಡಿಮೆ ದರ, ತೆರೆದ ಅಟ್ಟ.

2018ರ ಡಿಸೆಂಬರ್ 30ರಂದು ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂಬ ಹೆಸರುಗಳನ್ನು ಘೋಷಿಸಲಾಯಿತು. ವಿಶಾಖಪಟ್ಟಣದಲ್ಲಿ ಕಟ್ಟಿದ ಹಡಗಿಗೂ ಹ್ಯಾವ್‌ಲಾಕ್‌ಗೂ ಒಂದೇ ಹೆಸರಾದ್ದರಿಂದ ವೇಳಾಪಟ್ಟಿ ಓದುವಾಗ ಎಚ್ಚರ ಬೇಕು.

ನಿಕೋಬಾರ್ ಮಾರ್ಗ ಹೆಚ್ಚು ಕಠಿಣ. ಕಾರ್ ನಿಕೋಬಾರ್, ಚೌರಾ, ತೆರೆಸ್ಸಾ, ಕಮೋರ್ಟಾ, ಕಚ್ಚಾಲ್ ದಾಟಿ ಹಡಗು ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇ ಸೇರುತ್ತದೆ. ಪೋರ್ಟ್ ಬ್ಲೇರ್‌ನಿಂದ ಅದು 500 ಕಿ.ಮೀ.ಗೂ ಹೆಚ್ಚು ದೂರ. ನಿಕೋಬಾರಿ ಜನರ ನೆಲಕ್ಕೆ ಕಾಲಿಡಲು ಹೊರಗಿನ ಭಾರತೀಯರೂ ಅನುಮತಿ ಪಡೆಯಬೇಕು. 1956ರ ಮೂಲನಿವಾಸಿ ರಕ್ಷಣಾ ನಿಯಮ ಇದಕ್ಕೆ ಆಧಾರ. ಹೀಗಾಗಿ ಈ ಹಡಗುಗಳಲ್ಲಿ ಪ್ರವಾಸಿಗಳು ವಿರಳ; ಊರಿಗೆ ಮರಳುವ ವಿದ್ಯಾರ್ಥಿಗಳು, ಶಿಕ್ಷಕರು, ರೋಗಿಗಳು, ಸರ್ಕಾರಿ ನೌಕರರು ಮತ್ತು ಅವರ ಅಕ್ಕಿ ಚೀಲ, ತರಕಾರಿ ಬುಟ್ಟಿಗಳಿವೆ.

ಗಾಡಿ ಸಾಗಿಸುವ ಫೆರಿಗಳೂ ಉಂಟು. ಪೋರ್ಟ್ ಬ್ಲೇರ್‌ನ ಚಾಥಂನಿಂದ ಎದುರಿನ ಬಾಂಬೂಫ್ಲಾಟ್‌ಗೆ ಲಾರಿ, ಬಸ್ಸು, ಸ್ಕೂಟರು, ಜನ ಒಟ್ಟಿಗೆ ಸಾಗುತ್ತಾರೆ. ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ಮಿಡಲ್ ಸ್ಟ್ರೈಟ್ ಎಂಬಲ್ಲಿ ವಾಹನಗಳನ್ನು ಹೊತ್ತು ಬಾರಾಟಾಂಗ್‌ಗೆ ದಾಟಿಸುವ ಬಾರ್ಜ್ ಇದೆ. ಆ ರಸ್ತೆ ಜಾರವಾ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಶೇಖರ್ ಸಿಂಗ್ ಆಯೋಗದ ವರದಿಯ ಮೇಲೆ ಸುಪ್ರೀಂ ಕೋರ್ಟ್ 2002ರಲ್ಲಿ ಮೀಸಲಿನೊಳಗಿನ ಭಾಗವನ್ನು ಮುಚ್ಚಲು ಆದೇಶಿಸಿದರೂ ಸಂಚಾರ ನಿಲ್ಲಲಿಲ್ಲ. ಕಡಲ ದಾರಿ ಬಲಗೊಂಡಷ್ಟೂ ಆ ಕಾಡಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಒಂದು ಪುಟ್ಟ ಜನಾಂಗ ತನ್ನ ಪಾಡಿಗೆ ತಾನು ಬದುಕುವ ಹಕ್ಕು ಫೆರಿಯ ವೇಳಾಪಟ್ಟಿಯೊಂದಿಗೆ ಹೆಣೆದುಕೊಂಡಿದೆ.

ಗಾಳಿ, ಮಳೆ, ಚಂಡಮಾರುತ

ದ್ವೀಪಗಳಿಗೆ ಮುಂಗಾರು, ಹಿಂಗಾರು ಎರಡರ ಮಳೆಯೂ ಉಂಟು. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದಲೂ ಬಳಿಕ ಈಶಾನ್ಯದಿಂದಲೂ ಮೋಡ ಬರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಶಾಂತ. ಅಕ್ಟೋಬರ್‌ನಿಂದ ಡಿಸೆಂಬರ್ ಚಂಡಮಾರುತದ ಕಾಲ. 2014ರ ಹುದ್‌ಹುದ್ ಚಂಡಮಾರುತ ಅಕ್ಟೋಬರ್ 8ರಂದು ಅಂಡಮಾನಿನ ಲಾಂಗ್ ಐಲ್ಯಾಂಡ್ ಬಳಿ ಹಾದು, ನಾಲ್ಕು ದಿನಗಳ ಬಳಿಕ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಹಡಗಿನ ದಾರಿಯನ್ನೇ ತಿರುವುಮುರುವಾಗಿ ಹಿಡಿದಂತಿದ್ದ ಆ ಬಿರುಗಾಳಿ ಎರಡೂ ತುದಿಗಳಲ್ಲಿ ಸಂಚಾರ ನಿಲ್ಲಿಸಿತು.

2004ರ ಡಿಸೆಂಬರ್ 26ರ ಸುನಾಮಿ ಇನ್ನೂ ಭೀಕರ. ನಿಕೋಬಾರಿನ ಊರುಗಳ ಜೊತೆಗೆ ದಕ್ಕೆಗಳೂ ಕೊಚ್ಚಿಹೋದವು. ಇಂದಿರಾ ಪಾಯಿಂಟ್‌ನ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಹಡಗು ಬಂದರೂ ನಿಲ್ಲಲು ದಕ್ಕೆ ಇಲ್ಲದ ಆ ದಿನಗಳಲ್ಲಿ ದ್ವೀಪದ ಬದುಕು ದಕ್ಕೆಯ ಮೇಲೆ ಎಷ್ಟು ನಿಂತಿದೆ ಎಂಬುದು ದೇಶಕ್ಕೆ ತಿಳಿಯಿತು.

ಸುರಕ್ಷತೆ

ದೊಡ್ಡ ಹಡಗುಗಳಲ್ಲಿ ಪ್ರಯಾಣಿಕರ ಪಟ್ಟಿ, ಜೀವರಕ್ಷಕ ದೋಣಿ, ತರಬೇತಾದ ಸಿಬ್ಬಂದಿ ಇರುತ್ತಾರೆ. ಸಾವು ಹೆಚ್ಚು ಸಂಭವಿಸಿರುವುದು ಸಣ್ಣ ವಿಹಾರ ದೋಣಿಗಳಲ್ಲಿ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಬಳಿ ‘ಆಕ್ವಾ ಮರೀನ್’ ಎಂಬ ದೋಣಿ ಮಿತಿಮೀರಿ ಜನ ಹೊತ್ತು ಮುಳುಗಿ 21 ಮಂದಿ ತೀರಿಕೊಂಡರು. ಆಂಧ್ರದ ನದಿಗಳಲ್ಲೂ ಇದೇ ಕಥೆ. ವಿಜಯವಾಡ ಬಳಿಯ ಇಬ್ರಾಹಿಂಪಟ್ಟಣದಲ್ಲಿ, ಕೃಷ್ಣಾ–ಗೋದಾವರಿ ನೀರು ಕೂಡುವ ಪವಿತ್ರ ಸಂಗಮದ ಹತ್ತಿರ, 2017ರ ನವೆಂಬರ್ 12ರಂದು ದೋಣಿ ಮಗುಚಿ 20ಕ್ಕೂ ಹೆಚ್ಚು ಜನ ಸತ್ತರು. 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಕಚ್ಚುಲೂರಿನಲ್ಲಿ ಪ್ರವಾಸಿ ದೋಣಿ ಮುಳುಗಿ 40ಕ್ಕೂ ಹೆಚ್ಚು ಜೀವಗಳು ಹೋದವು. ದೋಣಿಯ ಮಿತಿ ಮೀರದಿರುವುದು, ಜೀವರಕ್ಷಕ ಅಂಗಿ ತೊಡುವುದು, ಹವಾಮಾನದ ಎಚ್ಚರಿಕೆ ಪಾಲಿಸುವುದು ಇವುಗಳಿಗೆ ಬದಲಿಯಿಲ್ಲ.

ವಿಜಯವಾಡದ ಒಳನಾಡು ಜಲಮಾರ್ಗ

ವಿಜಯವಾಡದಲ್ಲಿ ಕಡಲಿಲ್ಲ, ಆದರೆ ದೋಣಿ ಸಂಚಾರದ ಹಳೆಯ ಪರಂಪರೆ ಇದೆ. 1850ರ ದಶಕದಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ತೋಡಿದ ಕಾಲುವೆಗಳು ನೀರಾವರಿಗೂ ದೋಣಿಗೂ ಒದಗಿದವು. ಏಲೂರು ಕಾಲುವೆಯಿಂದ ಗೋದಾವರಿ ಸೀಮೆಗೂ ಬಕಿಂಗ್‌ಹ್ಯಾಂ ಕಾಲುವೆಯಿಂದ ಮದರಾಸಿಗೂ ಸರಕು ದೋಣಿಗಳು ಹೋಗುತ್ತಿದ್ದವು. ರೈಲು, ಲಾರಿ ಬಂದ ಮೇಲೆ ಅವು ಕ್ಷೀಣಿಸಿದವು. 2008ರಲ್ಲಿ ಈ ಜಾಲವನ್ನು 4ನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜಿನ ಹಿನ್ನೀರಿನಲ್ಲಿರುವ, ಸುಮಾರು 133 ಎಕರೆಯ ಭವಾನಿ ದ್ವೀಪಕ್ಕೆ ಪ್ರವಾಸೋದ್ಯಮ ನಿಗಮದ ದೋಣಿಗಳು ಇಂದಿಗೂ ಓಡಾಡುತ್ತವೆ.

ಕರ್ನಾಟಕದ ಹೋಲಿಕೆಗಳು

ದ್ವೀಪ ಸಂಚಾರ ಕನ್ನಡ ನಾಡಿಗೆ ಹೊಸದಲ್ಲ. ಲಕ್ಷದ್ವೀಪದ ಅಮಿನಿ, ಕದ್ಮತ್, ಕಿಲ್ತನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯವರು ಓಡಗಳಲ್ಲಿ ತೆಂಗಿನ ಹುರಿ ತುಂಬಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಹಲವು ವರ್ಷಗಳ ಬಿಡುವಿನ ನಂತರ 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಪ್ರಯಾಣಿಕರನ್ನು ಹೊತ್ತು ಮಂಗಳೂರಿಗೆ ಬಂತು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ.

ಒಳನಾಡಿನಲ್ಲಿ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ಪ್ರಸಿದ್ಧವಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ತುಮರಿ ಸೀಮೆಯ ಹಳ್ಳಿಗಳು ನೀರಿನಾಚೆ ಉಳಿದವು. ನಾಡಿಗೆ ಬೆಳಕು ಕೊಡಲು ನೆಲ ಕಳೆದುಕೊಂಡವರು ಆಸ್ಪತ್ರೆಗೂ ಲಾಂಚಿಗಾಗಿ ಕಾಯಬೇಕಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಹಿನ್ನೀರಿಗೆ ಸೇತುವೆ ಸಾಧ್ಯ, 1,200 ಕಿ.ಮೀ. ಕಡಲಿಗೆ ಅಸಾಧ್ಯ. ಅಲ್ಲಿ ಹಡಗು ಎಂದೆಂದಿಗೂ ಬೇಕು.

ಗ್ರೀಸಿನ ಮಾದರಿ

ಜಗತ್ತಿನಲ್ಲಿ ದ್ವೀಪ ಸಂಚಾರಕ್ಕೆ ಅತ್ಯಂತ ಹೆಸರಾದ ದೇಶ ಗ್ರೀಸ್. ಅಥೆನ್ಸಿನ ಪಿರೇಯಸ್ ಬಂದರಿನಿಂದ ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ, ಕ್ರೀಟ್ ದ್ವೀಪಗಳಿಗೆ ದಿನವೂ ಹಡಗುಗಳಿವೆ. ಪಾರೋಸ್‌ಗೆ ಸಾಮಾನ್ಯ ಹಡಗಿನಲ್ಲಿ ಸುಮಾರು ನಾಲ್ಕು ಗಂಟೆ, ಸ್ಯಾಂಟೊರಿನಿಗೆ ಏಳೆಂಟು ಗಂಟೆ. ದ್ವೀಪಗಳು ಹತ್ತಿರ ಹತ್ತಿರವಿರುವುದರಿಂದ ಒಂದೇ ಹಡಗು ಹಲವೆಡೆ ನಿಂತು ಹೋಗುತ್ತದೆ. ಅಂಡಮಾನಿನಲ್ಲಿ ನಡುವಿನ ಅಂತರ ದೊಡ್ಡದು, ಪ್ರಯಾಣಿಕರು ಕಡಿಮೆ. ಬೇಸಿಗೆಯಲ್ಲಿ ಬೀಸುವ ಮೆಲ್ಟೆಮಿ ಎಂಬ ಬಡಗಣ ಗಾಳಿ ಜೋರಾದರೆ ಅಲ್ಲಿಯೂ ಹಡಗುಗಳನ್ನು ತಡೆಹಿಡಿಯುತ್ತಾರೆ. 2000ದ ಸೆಪ್ಟೆಂಬರ್ 26ರಂದು ‘ಎಕ್ಸ್‌ಪ್ರೆಸ್ ಸಮೀನಾ’ ಪಾರೋಸ್ ಬಳಿ ಬಂಡೆಗೆ ಬಡಿದು 80ಕ್ಕೂ ಹೆಚ್ಚು ಜನ ಸತ್ತ ಮೇಲೆ ಸುರಕ್ಷತೆಯ ನಿಯಮಗಳು ಬಿಗಿಯಾದವು.

ಗ್ರೀಸಿನಿಂದ ಕಲಿಯಬೇಕಾದ ಮುಖ್ಯ ಪಾಠ ಒಂದಿದೆ. ಲಾಭ ತರುವ ಮಾರ್ಗಗಳನ್ನು ಅಲ್ಲಿ ಖಾಸಗಿ ಕಂಪನಿಗಳು ನಡೆಸುತ್ತವೆ; ಜನ ಕಡಿಮೆಯಿರುವ ದೂರದ ದ್ವೀಪಗಳ ನಷ್ಟದ ಮಾರ್ಗಗಳಿಗೆ ಸರ್ಕಾರ ಹಣ ಕೊಟ್ಟು ಚಳಿಗಾಲದಲ್ಲೂ ಹಡಗು ಓಡಿಸುತ್ತದೆ. ಅಂಡಮಾನಿನಲ್ಲೂ ಹ್ಯಾವ್‌ಲಾಕ್ ಮಾರ್ಗಕ್ಕೆ ಖಾಸಗಿಯವರು ತಾವಾಗಿ ಬರುತ್ತಾರೆ. ಚೌರಾಕ್ಕೆ, ಕಚ್ಚಾಲ್‌ಗೆ, ಕ್ಯಾಂಪ್‌ಬೆಲ್ ಬೇಗೆ ಹೋಗುವುದು ಸರ್ಕಾರಿ ಹಡಗು ಮಾತ್ರ.

ಪ್ರಯಾಣಿಕರಿಗೆ ಸೂಚನೆ

ವಿಶಾಖಪಟ್ಟಣದ ಹಡಗಿನ ದಿನಾಂಕ ಹವಾಮಾನಕ್ಕೂ ಹಡಗಿನ ರಿಪೇರಿಗೂ ತಕ್ಕಂತೆ ಬದಲಾಗುತ್ತದೆ. ವೇಳಾಪಟ್ಟಿ ಪ್ರಕಟವಾದ ಮೇಲೆಯೇ ರೈಲು ಟಿಕೆಟ್ ಮಾಡಿಸುವುದು ಕ್ಷೇಮ. ಭಾವಚಿತ್ರವಿರುವ ಗುರುತಿನ ಚೀಟಿ ಕಡ್ಡಾಯ. ವಾಂತಿ ತಡೆಯುವ ಮಾತ್ರೆ, ಹೊದಿಕೆ, ಒಣ ತಿಂಡಿ ಜೊತೆಗಿರಲಿ. ದ್ವೀಪಗಳಿಂದ ಹವಳ, ಶಂಖ ಹೆಕ್ಕಿ ತರುವುದು ಕಾನೂನಿಗೆ ವಿರುದ್ಧ. ಮರಳುವ ಪ್ರಯಾಣಕ್ಕೆ ಒಂದೆರಡು ದಿನ ಬಿಡುವು ಇಟ್ಟುಕೊಳ್ಳಬೇಕು. ಪರೀಕ್ಷೆ, ಹಬ್ಬ, ಶಾಲಾ ರಜೆಯ ಕಾಲದಲ್ಲಿ ಸರ್ಕಾರಿ ಫೆರಿಗಳು ದ್ವೀಪದವರಿಂದಲೇ ತುಂಬಿರುತ್ತವೆ. ಬೇರೆ ದಾರಿಯುಳ್ಳ ಪ್ರವಾಸಿ ಆ ದಿನಗಳಲ್ಲಿ ಸೀಟನ್ನು ಅವರಿಗೆ ಬಿಟ್ಟುಕೊಡಬೇಕು, ಏಕೆಂದರೆ ಅವರಿಗೆ ಇರುವುದು ಅದೊಂದೇ ದಾರಿ.